ಐಸ್ ಹಾಕಿ ಆಟಗಾರನ ಅಂಕಿಪಟ್ಟಿ ಓದುವುದು ಹೇಗೆ? ಗೋಲಿನ ಕಾಲಂ ಕೊನೆಗೆ ನೋಡಿ

ಐಸ್ ಹಾಕಿ ನೋಡಲು ಶುರು ಮಾಡಿದ ಹೊಸದರಲ್ಲಿ ನಾವೆಲ್ಲ ಒಂದೇ ಕೆಲಸ ಮಾಡುತ್ತೇವೆ. ಆಟಗಾರನ ಹೆಸರು ಹುಡುಕಿ, ಅವನ ಅಂಕಿಪಟ್ಟಿ ತೆರೆದು, ತಳದ ಸಾಲಿನಲ್ಲಿ ಒಟ್ಟು ಎಷ್ಟು ಗೋಲು ಅಂತ ನೋಡಿ ಮುಚ್ಚಿಬಿಡುತ್ತೇವೆ. ನಾನೂ ಬಹಳ ದಿನ ಹಾಗೇ ಮಾಡಿದೆ. ಒಂದೇ ವರ್ಷಕ್ಕೆ ಮೂರು ಸಾಲು ಕಂಡಾಗ ಅಚ್ಚಿನ ತಪ್ಪು ಇರಬೇಕು ಅಂದುಕೊಂಡಿದ್ದೆ. 9 ಪಂದ್ಯ ಆಡಿ ಕಾಣೆಯಾದ ಹುಡುಗನನ್ನು ನೋಡಿ, ಪಾಪ, ಕಾಲು ಮುರಿದಿರಬೇಕು ಅಂದುಕೊಂಡಿದ್ದೆ. ಎರಡೂ ತಪ್ಪು.

ಈ ಪಟ್ಟಿಯನ್ನು ಓದಲು ಒಂದು ಕ್ರಮ ಇದೆ. ಗೋಲು ಅದರಲ್ಲಿ ಮೊದಲು ಬರುವುದಿಲ್ಲ. ಯಾವ ಆಟಗಾರನ ಪಟ್ಟಿಯಾದರೂ ಸರಿ, ಒಂದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಮುಂದೆ ಓದಿ.

ಕಾಲಂಗಳ ಪರಿಚಯ

ಎಡಗಡೆ ಸೀಸನ್, ತಂಡ, ಲೀಗ್ ಇರುತ್ತವೆ. ಆಮೇಲೆ ಐದು ಅಂಕಿ. ಜಿಪಿ ಅಂದರೆ ಆಡಿದ ಪಂದ್ಯ. ಜಿ ಅಂದರೆ ಗೋಲು, ಎ ಅಂದರೆ ಅಸಿಸ್ಟ್, ಅಂದರೆ ಗೋಲಿಗೆ ಪಾಸ್ ಕೊಟ್ಟು ನೆರವಾದದ್ದು. ಇವೆರಡನ್ನೂ ಕೂಡಿಸಿದರೆ ಪಿಟಿಎಸ್, ಅಂದರೆ ಪಾಯಿಂಟ್. ಪಿಐಎಂ ಅಂದರೆ ತಪ್ಪಿಗೆ ಸಿಕ್ಕ ಶಿಕ್ಷೆಯ ನಿಮಿಷ. ಬಲಗಡೆ ಇದೇ ಐದು ಇನ್ನೊಮ್ಮೆ ಬರುತ್ತವೆ, ಅದು ಪ್ಲೇಆಫ್ ಲೆಕ್ಕ, ಅಂದರೆ ಸೀಸನ್ ಮುಗಿದ ಮೇಲೆ ಕಪ್‌ಗಾಗಿ ನಡೆಯುವ ಸುತ್ತುಗಳದ್ದು. ಒಂದು ಗೋಲಿಗೆ ಹೆಚ್ಚೆಂದರೆ ಇಬ್ಬರಿಗೆ ಅಸಿಸ್ಟ್ ಸಿಗುತ್ತದೆ. ಹಾಗಾಗಿ ಒಳ್ಳೆಯ ಆಟಗಾರರಲ್ಲೂ ಗೋಲಿಗಿಂತ ಅಸಿಸ್ಟ್ ಜಾಸ್ತಿ ಇರುವುದೇ ಸಾಮಾನ್ಯ.

ಹಂತ 1: ಹುಟ್ಟಿದ ತಾರೀಖು

ಇದು ಮೇಲ್ಗಡೆ ಸಣ್ಣ ಅಕ್ಷರದಲ್ಲಿರುತ್ತದೆ, ಯಾರೂ ನೋಡುವುದಿಲ್ಲ. ನೀವು ನೋಡಿ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿಗೆ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಒಂದು ಗೆರೆ ಇದೆ. ಆ ವರ್ಷದ ಸೆಪ್ಟೆಂಬರ್ 15ಕ್ಕೆ 18 ತುಂಬಿರಬೇಕು. ಒಂದು ದಿನ ತಡವಾದರೂ ಇಡೀ ವರ್ಷ ಕಾಯಬೇಕು.

ರಷ್ಯಾದ ತಾರೆ ಅಲೆಕ್ಸಾಂಡರ್ ಒವೆಚ್ಕಿನ್ ಹುಟ್ಟಿದ್ದು 1985ರ ಸೆಪ್ಟೆಂಬರ್ 17ರಂದು. ಎರಡೇ ದಿನದಲ್ಲಿ 2003ರ ಡ್ರಾಫ್ಟ್ ತಪ್ಪಿತು. ಆ ವರ್ಷ ಫ್ಲಾರಿಡಾ ಪ್ಯಾಂಥರ್ಸ್ ತಂಡದವರು ಸುಮ್ನೆ ಕೂರಲಿಲ್ಲ. ಅಧಿಕ ವರ್ಷಗಳಲ್ಲಿ ಜಾಸ್ತಿ ಬಂದ ದಿನಗಳನ್ನು ಕಳೆದರೆ ಹುಡುಗನಿಗೆ 18 ತುಂಬಿದಂತೆಯೇ ಅಂತ ವಾದ ಹೂಡಿದರು. ಲೀಗ್ ಒಪ್ಪಲಿಲ್ಲ. ಮರುವರ್ಷ ವಾಷಿಂಗ್ಟನ್ ತಂಡ ಅವರನ್ನು ಮೊದಲ ಆಯ್ಕೆಯಾಗಿ ಕರೆದುಕೊಂಡಿತು. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದೂ ಸೆಪ್ಟೆಂಬರ್ 17ರಂದೇ, 1997ರಲ್ಲಿ. ಕಾಯಬೇಕಾದ ಆ ವರ್ಷ ಅವರು ಸ್ವಿಟ್ಜರ್‌ಲ್ಯಾಂಡಿಗೆ ಹೋಗಿ ಜೂರಿಕ್ ತಂಡಕ್ಕೆ ಆಡಿದರು. ಅಮೆರಿಕದ ಹುಡುಗನ ಪಟ್ಟಿಯಲ್ಲಿ ಸ್ವಿಸ್ ಲೀಗಿನ ಒಂಟಿ ಸಾಲು ಯಾಕೆ ಬಂತು ಅಂತ ತಲೆ ಕೆರೆದುಕೊಳ್ಳುವವರಿಗೆ ಉತ್ತರ ಈ ತಾರೀಖಿನಲ್ಲಿದೆ.

ಡ್ರಾಫ್ಟ್ ಸಂಖ್ಯೆಯನ್ನೂ ಇಲ್ಲೇ ಬರೆದಿರುತ್ತಾರೆ. ಅದನ್ನು ನೋಡಿ, ಆದರೆ ನಂಬಬೇಡಿ. 18ರ ಹುಡುಗ ಮುಂದೆ ಏನಾಗುತ್ತಾನೆ ಅಂತ ಹೇಳುವುದು ಕಷ್ಟ. ಹೆನ್ರಿಕ್ ಲುಂಡ್ಕ್ವಿಸ್ಟ್ 2000ದಲ್ಲಿ 205ನೇ ಆಯ್ಕೆ, ಪಾವೆಲ್ ಡಾಟ್ಸುಕ್ 1998ರಲ್ಲಿ 171ನೇ ಆಯ್ಕೆ. ಇಬ್ಬರೂ ತಮ್ಮ ಕಾಲದ ದೊಡ್ಡ ಆಟಗಾರರಾದರು. 1999ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಪಾಟ್ರಿಕ್ ಸ್ಟೆಫಾನ್ ಎನ್‌ಎಚ್‌ಎಲ್‌ನಲ್ಲಿ ಒಟ್ಟು 64 ಗೋಲಿಗೆ ನಿಂತರು.

ಹಂತ 2: ಲೀಗ್ ಕಾಲಂ

ಹೊಸಬರು ಎಡವುವುದು ಜಾಸ್ತಿ ಇಲ್ಲೇ. ಪಟ್ಟಿಯ ಮೇಲಿನ ಸಾಲುಗಳಲ್ಲಿ 120 ಪಾಯಿಂಟ್, 130 ಪಾಯಿಂಟ್ ಅಂತ ಇರುತ್ತದೆ. ಕೆಳಗೆ ಬಂದರೆ 15, 22. ಆಟ ಮರೆತುಹೋಯಿತಾ ಅಂತ ಅನಿಸುತ್ತದೆ, ಅಲ್ವಾ? ಹಾಗಲ್ಲ. ಮೇಲಿನವು ಹುಡುಗರ ಲೀಗಿನ ಸಾಲುಗಳು.

ಕೆನಡಾದಲ್ಲಿ ಒಎಚ್‌ಎಲ್, ಡಬ್ಲ್ಯುಎಚ್‌ಎಲ್, ಕ್ಯೂಎಂಜೆಎಚ್‌ಎಲ್ ಅಂತ ಮೂರು ಜೂನಿಯರ್ ಲೀಗುಗಳಿವೆ. ಸುಮಾರು 16ರಿಂದ 20ರ ವಯಸ್ಸಿನವರು ಅಲ್ಲಿ ಆಡುತ್ತಾರೆ. ಅಮೆರಿಕದ ಕಾಲೇಜು ಹಾಕಿಗೆ ಎನ್‌ಸಿಎಎ ಅಂತ ಬರೆದಿರುತ್ತದೆ. ಅಲ್ಲಿ ಪಂದ್ಯಗಳು ಕಡಿಮೆ, ಅಂಕಿಗಳೂ ಚಿಕ್ಕವು. ಎಎಚ್‌ಎಲ್ ಅಂದರೆ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಇಸಿಎಚ್‌ಎಲ್ ಇನ್ನೊಂದು ಮೆಟ್ಟಿಲು ಕೆಳಗೆ. ಸ್ವೀಡನ್ನಿನದು ಎಸ್‌ಎಚ್‌ಎಲ್, ಫಿನ್‌ಲ್ಯಾಂಡಿನದು ಲೀಗಾ, ರಷ್ಯಾ ಮತ್ತು ಸುತ್ತಲಿನದು ಕೆಎಚ್‌ಎಲ್.

ಯುರೋಪಿನ ಹುಡುಗರ ಪಟ್ಟಿಯಲ್ಲಿ ಇದಕ್ಕೆ ಉಲ್ಟಾ ಗೊಂದಲ ಇರುತ್ತದೆ. 17, 18ರ ವಯಸ್ಸಿನಲ್ಲಿ 40 ಪಂದ್ಯಕ್ಕೆ 10 ಪಾಯಿಂಟ್ ಅಂತ ಇದ್ದರೆ ಸಪ್ಪೆ ಅನಿಸಬಹುದು. ಲೀಗ್ ಕಾಲಂನಲ್ಲಿ ಎಸ್‌ಎಚ್‌ಎಲ್ ಅಂತ ಇದ್ದರೆ ಆ ಹುಡುಗ ಆಡಿದ್ದು ಮೂವತ್ತರ ಗಂಡಸರ ಜೊತೆ. ಹುಡುಗರ ಲೀಗಿನ 100 ಪಾಯಿಂಟ್‌ಗಿಂತ ನನಗೆ ಈ 10 ಪಾಯಿಂಟ್ ಮೇಲೆ ನಂಬಿಕೆ ಜಾಸ್ತಿ.

ಹಳೆಯ ಪಟ್ಟಿಗಳಲ್ಲಿ ಡಬ್ಲ್ಯುಎಚ್‌ಎ ಅಂತ ಕಂಡರೆ ಅಲ್ಲಿ ನಿಲ್ಲಿ. 1972ರಿಂದ 1979ರವರೆಗೆ ಎನ್‌ಎಚ್‌ಎಲ್‌ಗೆ ಪೈಪೋಟಿಯಾಗಿ ನಡೆದ ಲೀಗ್ ಅದು. ಬಹಳ ಕಾಲ ಗೋಲಿನ ದಾಖಲೆ ಇಟ್ಟುಕೊಂಡಿದ್ದ ವೇಯ್ನ್ ಗ್ರೆಟ್ಸ್ಕಿ ಶುರು ಮಾಡಿದ್ದು ಅಲ್ಲಿ. ಮುಂದೆ ಅವರ ತಂಡವೇ ಎನ್‌ಎಚ್‌ಎಲ್‌ಗೆ ಸೇರಿತು, ಅದಕ್ಕೇ ಅವರ ಹೆಸರಿನ ಮುಂದೆ ಡ್ರಾಫ್ಟ್ ಸಂಖ್ಯೆ ಇಲ್ಲ. ಅವರ 894 ಗೋಲು ಅನ್ನುವುದು ಎನ್‌ಎಚ್‌ಎಲ್ ಲೆಕ್ಕ ಮಾತ್ರ, ಡಬ್ಲ್ಯುಎಚ್‌ಎಯಲ್ಲಿ ಹೊಡೆದ 46 ಅದರಲ್ಲಿ ಸೇರಿಲ್ಲ.

ಹಂತ 3: ಜಿಪಿ ಕಾಲಂ, ಮೇಲಿನಿಂದ ಕೆಳಗೆ

ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅತಿ ಮುಖ್ಯ ಇದು. ಬೇರೆ ಎಲ್ಲ ಕಾಲಂ ಕೈಯಲ್ಲಿ ಮುಚ್ಚಿ, ಇದೊಂದನ್ನೇ ಓದಿ.

ಎನ್‌ಎಚ್‌ಎಲ್‌ನಲ್ಲಿ 1995-96ರಿಂದ ಒಂದು ಸೀಸನ್ನಿಗೆ 82 ಪಂದ್ಯ ಇತ್ತು ಅಂತ ತಲೆಯಲ್ಲಿಟ್ಟುಕೊಳ್ಳಿ. 82ಕ್ಕೆ 78, 80, 82 ಅಂತ ಸಾಲಾಗಿ ಬಂದರೆ ಮೈ ಗಟ್ಟಿಯಿದೆ, ಕೋಚ್‌ಗೆ ಇವನು ಬೇಕು. ಅಂಕಿ ದಿಢೀರನೆ ಬಿದ್ದರೆ ಕಾರಣ ಹುಡುಕಿ. ಬಾಬ್ಬಿ ಓರ್ ಅವರ ಕೊನೆಯ ಜಿಪಿ ಅಂಕಿಗಳು ಹೀಗಿವೆ: 80, 10, 20, ಖಾಲಿ, 6. ಮೊಣಕಾಲು ಕೈಕೊಟ್ಟಿತ್ತು. 30ರ ವಯಸ್ಸಿಗೆ ಅವರ ಆಟ ಮುಗಿಯಿತು. ಅವರ ಪಟ್ಟಿಯಲ್ಲಿ ಬೇರೆ ಯಾವ ಕಾಲಂ ಓದಿದರೂ ಇಷ್ಟು ಸಂಕಟ ಆಗುವುದಿಲ್ಲ.

ಆದರೆ ಎಲ್ಲ ಸಣ್ಣ ಅಂಕಿಯೂ ಗಾಯ ಅಲ್ಲ. ಮಾಲೀಕರಿಗೂ ಆಟಗಾರರಿಗೂ ಒಪ್ಪಂದ ಕೂಡಿಬರದೆ ಲೀಗಿಗೇ ಬೀಗ ಬಿದ್ದ ವರ್ಷಗಳಿವೆ. ಇಂಥ ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 1994-95ರಲ್ಲಿ 48 ಪಂದ್ಯ. 2004-05ರಲ್ಲಿ ಇಡೀ ಸೀಸನ್ ರದ್ದು. 2012-13ರಲ್ಲಿ ಮತ್ತೆ 48. ಕೋವಿಡ್ ಬಂದಾಗ 2019-20 ಮಾರ್ಚ್‌ನಲ್ಲಿ ಅರ್ಧಕ್ಕೆ ನಿಂತಿತು, 2020-21ರಲ್ಲಿ 56. ಈ ಚೀಟಿ ಇಲ್ಲದೆ ಪಟ್ಟಿ ಓದಬೇಡಿ. ಒವೆಚ್ಕಿನ್ 2004ರಲ್ಲಿ ಆಯ್ಕೆಯಾದರೂ ಅವರ ಮೊದಲ ಎನ್‌ಎಚ್‌ಎಲ್ ಸಾಲು ಶುರುವಾಗುವುದು 2005-06ಕ್ಕೆ. ನಡುವಿನ ವರ್ಷ ಅವರು ಮಾಸ್ಕೋದ ಡೈನಮೊ ತಂಡದಲ್ಲೇ ಉಳಿದರು.

ಈಗ ನನ್ನನ್ನು ಏಮಾರಿಸಿದ ಆ 9 ಪಂದ್ಯದ ಗುಟ್ಟು. 18 ವರ್ಷದ ಹುಡುಗ ಮೊದಲ ಒಪ್ಪಂದಕ್ಕೆ ಸಹಿ ಹಾಕಿದರೆ ಅದು ಮೂರು ವರ್ಷದ್ದು, ಸಂಬಳಕ್ಕೂ ಮಿತಿ ಇದೆ. ಆದರೆ 18 ಅಥವಾ 19ರಲ್ಲಿ ಅವನು 10 ಎನ್‌ಎಚ್‌ಎಲ್ ಪಂದ್ಯ ಮುಟ್ಟದಿದ್ದರೆ ಆ ಮೂರು ವರ್ಷದ ಲೆಕ್ಕ ಶುರುವೇ ಆಗುವುದಿಲ್ಲ, ಮುಂದಕ್ಕೆ ಜಾರುತ್ತದೆ. ಹಾಗಾಗಿ ತಂಡದವರು 9 ಪಂದ್ಯ ಆಡಿಸಿ ನೋಡುತ್ತಾರೆ. ಇನ್ನೂ ಹಣ್ಣಾಗಿಲ್ಲ ಅನಿಸಿದರೆ ಜೂನಿಯರ್ ಲೀಗಿಗೆ ವಾಪಸ್ ಕಳಿಸುತ್ತಾರೆ. ಕಾಲು ಮುರಿದಿದ್ದಲ್ಲ, ಲೆಕ್ಕಾಚಾರ.

ಹಂತ 4: ಒಂದೇ ವರ್ಷಕ್ಕೆ ಎರಡು ಸಾಲು

ಎರಡು ಸಾಲು ಇದ್ದರೆ ಲೀಗ್ ಕಾಲಂ ನೋಡಿ. ಒಂದು ಎನ್‌ಎಚ್‌ಎಲ್, ಇನ್ನೊಂದು ಎಎಚ್‌ಎಲ್ ಆಗಿದ್ದರೆ ಹುಡುಗ ಮೇಲೆ ಕೆಳಗೆ ಓಡಾಡುತ್ತಿದ್ದಾನೆ ಅಂತ ಅರ್ಥ. ಪ್ರತಿ ಎನ್‌ಎಚ್‌ಎಲ್ ತಂಡಕ್ಕೂ ಒಂದು ಎಎಚ್‌ಎಲ್ ತಂಡ ಜೋಡಿಯಾಗಿರುತ್ತದೆ. ಮೇಲಿನ ತಂಡದಲ್ಲಿ ಇರಬಹುದಾದವರು 23 ಜನ ಮಾತ್ರ. ಯಾರಿಗಾದರೂ ಪೆಟ್ಟಾದರೆ ಕೆಳಗಿನಿಂದ ಕರೆ ಹೋಗುತ್ತದೆ. ಪೆಟ್ಟಾದವನು ವಾಸಿಯಾದರೆ ಕರೆ ಬಂದವನು ಪೆಟ್ಟಿಗೆ ಕಟ್ಟಬೇಕು. ಟೂ-ವೇ ಒಪ್ಪಂದ ಇದ್ದರೆ ಸಂಬಳವೂ ಮೇಲೆ ಕೆಳಗೆ ಆಗುತ್ತದೆ. ಮೇಲೆ ಇದ್ದ ದಿನಕ್ಕೆ ಎನ್‌ಎಚ್‌ಎಲ್ ದರ, ಕೆಳಗೆ ಇದ್ದ ದಿನಕ್ಕೆ ಬೇರೆ ದರ. 2025-26ರಲ್ಲಿ ಎನ್‌ಎಚ್‌ಎಲ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,75,000 ಡಾಲರ್. ಈ ಓಡಾಟ ಆಟಗಾರನ ಮನೆಯ ಖರ್ಚಿನ ಲೆಕ್ಕ ಕೂಡ.

ಸ್ವಲ್ಪ ಅನುಭವ ಇರುವವನನ್ನು ಕೆಳಗೆ ಕಳಿಸಬೇಕಾದರೆ ಮೊದಲು ವೇವರ್ಸ್‌ಗೆ ಹಾಕಬೇಕು. ಅಂದರೆ 24 ಗಂಟೆ ಅವನು ಬಾಗಿಲ ಹೊರಗೆ ನಿಂತ ಹಾಗೆ, ಬೇರೆ ಯಾವ ತಂಡವಾದರೂ ಕರೆದುಕೊಂಡು ಹೋಗಬಹುದು. ಪಟ್ಟಿಯಲ್ಲಿ ಅಕ್ಟೋಬರ್‌ನಲ್ಲೇ ತಂಡ ಬದಲಾಗಿದ್ದರೆ ಬಹುತೇಕ ಇದೇ ಕಾರಣ.

ಮೂರು ನಾಲ್ಕು ವರ್ಷ ಎಎಚ್‌ಎಲ್ ಸಾಲುಗಳೇ ಇದ್ದರೆ ಇವನು ಮುಗಿದ ಅಂತ ತೀರ್ಮಾನ ಮಾಡಬೇಡಿ. ಮಾರ್ಟಿನ್ ಸೇಂಟ್ ಲೂಯಿ ಅವರ ಪಟ್ಟಿ ತೆರೆಯಿರಿ. ಕುಳ್ಳಗಿದ್ದಾರೆ ಅಂತ ಡ್ರಾಫ್ಟ್‌ನಲ್ಲಿ ಯಾರೂ ಮುಟ್ಟಲಿಲ್ಲ. ಕಾಲೇಜು ಮುಗಿಸಿದರು, ಎಎಚ್‌ಎಲ್‌ನಲ್ಲಿ ಆಡಿದರು. 1998-99ರಲ್ಲಿ ಕ್ಯಾಲ್ಗರಿ ಪರ 13 ಪಂದ್ಯ ಸಿಕ್ಕಿತು. 2000ದಲ್ಲಿ ಕ್ಯಾಲ್ಗರಿ ಕೈಬಿಟ್ಟಿತು. ಟ್ಯಾಂಪಾ ಬೇ ಕರೆದುಕೊಂಡಿತು. 2003-04ರಲ್ಲಿ 94 ಪಾಯಿಂಟ್ ಗಳಿಸಿ ಲೀಗಿಗೇ ಮೊದಲಿಗರಾದರು. ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವುದು ಸ್ಟಾನ್ಲಿ ಕಪ್. ಆ ವರ್ಷದ ಸ್ಟಾನ್ಲಿ ಕಪ್ ಫೈನಲ್‌ನಲ್ಲಿ ಟ್ಯಾಂಪಾ ಸೋಲಿಸಿದ್ದು ಯಾರನ್ನು ಅಂತೀರಿ? ಕ್ಯಾಲ್ಗರಿಯನ್ನೇ.

ಎರಡೂ ಸಾಲು ಎನ್‌ಎಚ್‌ಎಲ್ ಆಗಿದ್ದರೆ ಅದು ಸಾಮಾನ್ಯವಾಗಿ ಟ್ರೇಡ್, ಅಂದರೆ ತಂಡಗಳು ತಮ್ಮೊಳಗೇ ಆಟಗಾರರನ್ನು ಕೊಟ್ಟು ತೆಗೆದುಕೊಳ್ಳುವುದು. ಮಾರ್ಚ್‌ನ ಗಡುವಿನ ಹತ್ತಿರ ಇದು ಜಾಸ್ತಿ. ಸೋಲುತ್ತಿರುವ ತಂಡ ಹಳಬರನ್ನು ಕೊಟ್ಟು ಮುಂದಿನ ಡ್ರಾಫ್ಟ್ ಆಯ್ಕೆಗಳನ್ನು ತೆಗೆದುಕೊಳ್ಳುತ್ತದೆ. ಎರಡನೇ ಸಾಲಿನಲ್ಲಿ ಜಿಪಿ 15-20 ಇದ್ದು, ಬಲಗಡೆ ಪ್ಲೇಆಫ್ ಅಂಕಿಗಳೂ ಇದ್ದರೆ ಕಪ್ ಆಸೆಯ ತಂಡ ಇವನನ್ನು ತರಿಸಿಕೊಂಡಿದೆ ಅಂತ ತಿಳಿಯಿರಿ. ಬೇಸಿಗೆಯಲ್ಲಿ ತಂಡ ಬದಲಾಗಿದ್ದರೆ ಮಾತ್ರ ಆಟಗಾರನೇ ಆರಿಸಿ ಹೋಗಿರುವ ಸಾಧ್ಯತೆ ಇದೆ. 27 ತುಂಬಿದ ಮೇಲೆ, ಅಥವಾ 7 ಸೀಸನ್ ಆದ ಮೇಲೆ ಒಪ್ಪಂದ ಮುಗಿದರೆ ಅವನು ಎಲ್ಲಿಗಾದರೂ ಹೋಗಬಹುದು. ಅದಕ್ಕಿಂತ ಮೊದಲು ಅವನ ಮೇಲೆ ಹಳೆಯ ತಂಡದ ಹಿಡಿತ ಇರುತ್ತದೆ.

ಟ್ರೇಡ್ ಆಯಿತು ಅಂದರೆ ಅವಮಾನ ಅಂತ ಅಲ್ಲ. ಕ್ರಿಸ್ ಡ್ರೇಪರ್ ಅವರನ್ನು ವಿನ್ನಿಪೆಗ್ ತಂಡ 1993ರಲ್ಲಿ ಡೆಟ್ರಾಯಿಟ್‌ಗೆ ಕೊಟ್ಟಿದ್ದು 1 ಡಾಲರ್‌ಗೆ. ಹೌದು, ಒಂದೇ ಡಾಲರ್. ಅವರು ಡೆಟ್ರಾಯಿಟ್‌ನಲ್ಲಿ ನಾಲ್ಕು ಸ್ಟಾನ್ಲಿ ಕಪ್ ಗೆದ್ದರು.

ಹಂತ 5: ಈಗ ಗೋಲು ನೋಡಬಹುದು

ಆದರೂ ಒಂಟಿಯಾಗಿ ನೋಡಬೇಡಿ, ಪಂದ್ಯಕ್ಕೆ ಭಾಗಿಸಿ. 1992-93ರಲ್ಲಿ ಮಾರಿಯೊ ಲೆಮ್ಯು ಆಡಿದ್ದು 60 ಪಂದ್ಯ. ಕ್ಯಾನ್ಸರ್ ಚಿಕಿತ್ಸೆಗಾಗಿ ನಡುವೆ ಹೊರಗಿದ್ದರು. ಪಾಯಿಂಟ್ 160. ಭಾಗಿಸಿ ನೋಡಿದರೆ ಪಂದ್ಯಕ್ಕೆ 2.67. ಸೇಂಟ್ ಲೂಯಿ 2012-13ರಲ್ಲಿ 60 ಪಾಯಿಂಟ್ ಗಳಿಸಿ 37ರ ವಯಸ್ಸಿನಲ್ಲಿ ಮತ್ತೆ ಲೀಗಿಗೆ ಮೊದಲಿಗರಾದರು. ಬರೀ 60 ಅಂತ ಮೂಗು ಮುರಿಯಬೇಡಿ, ಚೀಟಿ ನೋಡಿ. ಅದು 48 ಪಂದ್ಯದ ವರ್ಷ.

ಕಾಲವನ್ನೂ ನೋಡಬೇಕು. 1980ರ ದಶಕದ ಶುರುವಿನಲ್ಲಿ ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಸುಮಾರು 8 ಗೋಲು ಬೀಳುತ್ತಿದ್ದವು. 2003-04ರ ಹೊತ್ತಿಗೆ 5ರ ಆಸುಪಾಸಿಗೆ ಇಳಿದಿತ್ತು. ಗೋಲ್‌ಕೀಪರ್‌ಗಳ ಕಾಲುಕಟ್ಟು ದೊಡ್ಡದಾಯಿತು, ಕೂತು ತಡೆಯುವ ಕಲೆ ಬೆಳೆಯಿತು, ಕೋಚ್‌ಗಳು ನಡುಮೈದಾನಕ್ಕೇ ಬಲೆ ಹಾಕಿದರು. ಗ್ರೆಟ್ಸ್ಕಿ 1981-82ರಲ್ಲಿ 92 ಗೋಲು ಹೊಡೆದರೆ, 2003-04ರಲ್ಲಿ 41 ಗೋಲಿಗೆ ಮೂವರು ಜಂಟಿಯಾಗಿ ಮೊದಲಿಗರು. 41 ಕಡಿಮೆ ಅಂತ ಅವರನ್ನು ಸಣ್ಣವರು ಅನ್ನುವುದು ಅನ್ಯಾಯ. ಒವೆಚ್ಕಿನ್ 2025ರ ಏಪ್ರಿಲ್ 6ರಂದು 895ನೇ ಗೋಲು ಹೊಡೆದು ಗ್ರೆಟ್ಸ್ಕಿಯನ್ನು ದಾಟಿದರು. ಅದರಲ್ಲಿ ಬಹುಪಾಲು ಬಿಗಿಯಾದ ಕಾಲದಲ್ಲಿ ಬಂದದ್ದು.

ಆಟಗಾರ ಡಿಫೆನ್ಸ್‌ಮ್ಯಾನ್ ಆಗಿದ್ದರೆ ಗೋಲು ಲೆಕ್ಕಕ್ಕೇ ಬೇಡ. ಪ್ಲಸ್-ಮೈನಸ್ ಕಾಲಂ ಇದ್ದರೆ ನೋಡಿ. ಇವನು ಐಸ್ ಮೇಲಿದ್ದಾಗ ತನ್ನ ತಂಡ ಗೋಲು ಹೊಡೆದರೆ ಒಂದು ಕೂಡುತ್ತಾರೆ, ಎದುರಾಳಿ ಹೊಡೆದರೆ ಒಂದು ಕಳೆಯುತ್ತಾರೆ. ಎದುರಾಳಿ ಶಿಕ್ಷೆಯಿಂದ ಒಬ್ಬ ಕಡಿಮೆ ಇದ್ದಾಗ ಹೊಡೆದದ್ದು ಲೆಕ್ಕಕ್ಕಿಲ್ಲ. 1970-71ರಲ್ಲಿ ಓರ್ ಅವರದು ಪ್ಲಸ್ 124, ಇವತ್ತಿಗೂ ಅದೇ ದಾಖಲೆ. ಆದರೆ ಇದು ಕೂಡ ಜೊತೆಗಾರರ ಮೇಲೆ ನಿಂತ ಅಂಕಿ. ಸೋಲುವ ತಂಡದ ಒಳ್ಳೆಯ ಆಟಗಾರ ಮೈನಸ್‌ನಲ್ಲೇ ಇರುತ್ತಾನೆ.

ಗೋಲ್‌ಕೀಪರ್ ಪಟ್ಟಿಯೇ ಬೇರೆ. ಅಲ್ಲಿ ಗೆಲುವಿಗಿಂತ ಸೇವ್ ಪರ್ಸೆಂಟೇಜ್ ಮುಖ್ಯ. ಬಂದ 1000 ಹೊಡೆತದಲ್ಲಿ 900 ತಡೆದವನಿಗೂ 920 ತಡೆದವನಿಗೂ ನಡುವೆ ಬಹಳ ಅಂತರ ಇದೆ. ಒಬ್ಬನಿಗೆ ಕೆಲಸ ಹೋಗಬಹುದು, ಇನ್ನೊಬ್ಬನಿಗೆ ಪ್ರಶಸ್ತಿ ಬರಬಹುದು.

ಪಿಐಎಂ ಬಗ್ಗೆ ಎರಡೇ ಮಾತು. ಸಣ್ಣ ತಪ್ಪಿಗೆ 2 ನಿಮಿಷ, ಕೈಮಿಲಾಯಿಸಿ ಹೊಡೆದಾಡಿದರೆ 5, ಅಶಿಸ್ತಿಗೆ 10. ಹಳೆಯ ಪಟ್ಟಿಯಲ್ಲಿ 60 ಪಂದ್ಯಕ್ಕೆ 3 ಗೋಲು, 250 ನಿಮಿಷ ಅಂತ ಕಂಡರೆ ಅವನ ಕೆಲಸ ಗೋಲು ಹೊಡೆಯುವುದಾಗಿರಲಿಲ್ಲ. ತನ್ನ ತಂಡದ ತಾರೆಯ ಮೈ ಮುಟ್ಟಿದವರಿಗೆ ಹೊಡೆಯುವುದು ಅವನ ಉದ್ಯೋಗ. ಈಗ ಅಂಥ ಸಾಲುಗಳು ಅಪರೂಪ.

ಹಂತ 6: ಬಲಗಡೆಯ ಜಿಪಿ

ಪ್ಲೇಆಫ್‌ನಲ್ಲಿ ನಾಲ್ಕು ಸುತ್ತು. ಒಂದೊಂದು ಸುತ್ತಿನಲ್ಲೂ ನಾಲ್ಕು ಪಂದ್ಯ ಗೆದ್ದವರು ಮುಂದಕ್ಕೆ, ಅಂದರೆ ಸುತ್ತಿಗೆ ಹೆಚ್ಚೆಂದರೆ 7 ಪಂದ್ಯ. 1987ರಿಂದ ಎಲ್ಲ ಸುತ್ತಿಗೂ ಇದೇ ನಿಯಮ, ಕೋವಿಡ್ ವರ್ಷ 2020ರಲ್ಲಿ ಮಾತ್ರ ಮೊದಲಿಗೆ ಇನ್ನೊಂದು ಸುತ್ತು ಜಾಸ್ತಿ ಇತ್ತು. ಇದರಿಂದ ಒಂದು ಮಜಾ ಲೆಕ್ಕ ಬರುತ್ತದೆ. ಮೂರು ಸುತ್ತಿಗೆ ಗರಿಷ್ಠ 21 ಪಂದ್ಯ. ಹಾಗಾದರೆ 2020 ಬಿಟ್ಟು ಬೇರೆ ವರ್ಷ ಬಲಗಡೆಯ ಜಿಪಿ 22 ಅಥವಾ ಜಾಸ್ತಿ ಇದ್ದರೆ ಆ ಆಟಗಾರ ಫೈನಲ್ ಆಡಿರಲೇಬೇಕು. ಬೇರೆಲ್ಲೂ ಹುಡುಕಬೇಕಿಲ್ಲ. 2004ರಲ್ಲಿ ಸೇಂಟ್ ಲೂಯಿ ಸಾಲಿನಲ್ಲಿ 23 ಇದೆ.

ಖಾಲಿ ಇದ್ದರೆ ತಂಡ ಪ್ಲೇಆಫ್‌ಗೆ ಬರಲಿಲ್ಲ, ಅಥವಾ ಇವನಿಗೆ ಪೆಟ್ಟಾಗಿತ್ತು. ಪ್ಯಾಟ್ರಿಕ್ ಮಾರ್ಲೊ 1,779 ಪಂದ್ಯ ಆಡಿದರು, ಎನ್‌ಎಚ್‌ಎಲ್‌ನಲ್ಲಿ ಅದೇ ದಾಖಲೆ. ಕಪ್ ಮಾತ್ರ ಒಂದೂ ಸಿಗಲಿಲ್ಲ.

ಹೆಣ್ಣುಮಕ್ಕಳ ಪಟ್ಟಿ ಓದುವಾಗ ಈ ಹಂತಗಳನ್ನು ಹಾಗೇ ಹಾಕಬೇಡಿ. ಅಲ್ಲಿ ಖಾಲಿ ಜಾಗ ಕಂಡರೆ ಬಹಳ ಸಲ ಕಾರಣ ಗಾಯ ಅಲ್ಲ, ಆಡಲು ಲೀಗೇ ಇರಲಿಲ್ಲ. ಕೆನಡಾದ ಸಿಡಬ್ಲ್ಯುಎಚ್‌ಎಲ್ 2019ರಲ್ಲಿ ಮುಚ್ಚಿತು. ಈಗಿನ ಪಿಡಬ್ಲ್ಯುಎಚ್‌ಎಲ್ ಶುರುವಾಗಿದ್ದು 2024ರ ಜನವರಿಯಲ್ಲಿ, ಆರು ತಂಡಗಳಿಂದ. ಅದಕ್ಕೇ ಅವರ ಪಟ್ಟಿಯಲ್ಲಿ ರಾಷ್ಟ್ರೀಯ ತಂಡದ ಸಾಲುಗಳನ್ನೇ ಮೊದಲು ಓದಬೇಕು.

ಹಂತ 7: ಒಂದು ಪಟ್ಟಿಯನ್ನು ಪೂರ್ತಿ ಓದಿ ನೋಡಿ

ಅಭ್ಯಾಸಕ್ಕೆ ಯಾರೊಮಿರ್ ಯಾಗರ್ ಅವರ ಪಟ್ಟಿಗಿಂತ ಒಳ್ಳೆಯದು ಇಲ್ಲ. ಹುಟ್ಟಿದ್ದು 1972ರ ಫೆಬ್ರವರಿ 15, ಜೆಕ್ ದೇಶದ ಕ್ಲಾಡ್ನೊ ಊರಿನಲ್ಲಿ. 1990ರ ಡ್ರಾಫ್ಟ್‌ನಲ್ಲಿ 5ನೆಯವರಾಗಿ ಪಿಟ್ಸ್‌ಬರ್ಗ್ ಸೇರಿದರು. ಮೊದಲ ಎರಡು ವರ್ಷಕ್ಕೇ ಎರಡು ಕಪ್. 1994-95ರಲ್ಲಿ 70 ಪಾಯಿಂಟ್ ಅಂತ ಇದೆ. ಚೀಟಿ ನೋಡಿ, 48 ಪಂದ್ಯದ ವರ್ಷ, ಪಾಯಿಂಟ್ ಪಟ್ಟಿಯ ತುದಿಯಲ್ಲಿದ್ದದ್ದು ಅವರೇ. ಮರುವರ್ಷ 82 ಪಂದ್ಯಕ್ಕೆ 149.

2003-04ರಲ್ಲಿ ಎರಡು ಸಾಲು, ವಾಷಿಂಗ್ಟನ್ ಮತ್ತು ನ್ಯೂಯಾರ್ಕ್ ರೇಂಜರ್ಸ್. ಎರಡೂ ಎನ್‌ಎಚ್‌ಎಲ್, ಹಾಗಾಗಿ ಟ್ರೇಡ್. 2004-05ರಲ್ಲಿ ಕ್ಲಾಡ್ನೊ, ಆಮೇಲೆ ರಷ್ಯಾದ ಓಮ್ಸ್ಕ್. ಮತ್ತೆ ಚೀಟಿ. 2008ರಿಂದ ಮೂರು ವರ್ಷ ಕೆಎಚ್‌ಎಲ್, ಮತ್ತೆ ಓಮ್ಸ್ಕ್. ಇಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. 2011-12ರಲ್ಲಿ ಫಿಲಡೆಲ್ಫಿಯಾ ಸಾಲು ಬರುತ್ತದೆ.

2012-13ರಲ್ಲಿ ಮೂರು ಸಾಲು. ಲೀಗಿಗೆ ಬೀಗ ಬಿದ್ದಿದ್ದಾಗ ಕ್ಲಾಡ್ನೊ, ಬೀಗ ತೆಗೆದ ಮೇಲೆ ಡಲ್ಲಾಸ್ ಪರ 34 ಪಂದ್ಯ, ಗಡುವಿನ ಹೊತ್ತಿಗೆ ಟ್ರೇಡ್ ಆಗಿ ಬಾಸ್ಟನ್ ಪರ 11. ಎರಡನ್ನೂ ಕೂಡಿಸಿದರೆ 45, 48ಕ್ಕೆ ಹತ್ತಿರ. ಬಲಗಡೆ ನೋಡಿ. ಜಿಪಿ 22, ಗೋಲು 0, ಅಸಿಸ್ಟ್ 10. ಆ 22 ಏನು ಹೇಳುತ್ತದೆ ಅಂತ ಈಗ ನಿಮಗೆ ಗೊತ್ತು. ಫೈನಲ್‌ನಲ್ಲಿ ಶಿಕಾಗೊ ಗೆದ್ದಿತು.

ತಳದ ಸಾಲು: 1,733 ಪಂದ್ಯ, 766 ಗೋಲು, 1,921 ಪಾಯಿಂಟ್. ಪಾಯಿಂಟ್‌ನಲ್ಲಿ ಗ್ರೆಟ್ಸ್ಕಿ ಬಿಟ್ಟರೆ ಇವರೇ. ಆ 766ರಲ್ಲಿ ಓಮ್ಸ್ಕ್‌ನ ಯಾವ ಗೋಲೂ ಇಲ್ಲ, ಕ್ಲಾಡ್ನೊದ್ದೂ ಇಲ್ಲ.

ಆದರೆ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. 2017-18ರಲ್ಲಿ ಕ್ಯಾಲ್ಗರಿ ಪರ 22 ಪಂದ್ಯ, 1 ಗೋಲು. ಅದೇ ವರ್ಷ ಇನ್ನೊಂದು ಸಾಲು, ಮತ್ತೆ ಕ್ಲಾಡ್ನೊ. ಲೀಗ್ ಕಾಲಂ ನೋಡಿದರೆ ಅದು ಆಗ ಜೆಕ್ ದೇಶದ ಎರಡನೇ ದರ್ಜೆಯ ಲೀಗ್. ಆಗ ತಂಡದ ಮಾಲೀಕರೂ ಅವರೇ ಆಗಿದ್ದರು. 50 ದಾಟಿದ ಮೇಲೂ ಆ ತಂಡದ ಹೆಸರಿನಲ್ಲಿ ಸಾಲು ಸೇರುತ್ತಲೇ ಹೋಗಿದೆ.